ಹಕ್ಕಿಗೆ ಪಾನಕ, ಜೇನಿಗೆ ಪಾಕ: ಹಮ್ಮಿಂಗ್‌ಬರ್ಡ್ ಫೀಡರಿಗೆ ಜೇನು ಮುತ್ತಿದರೆ ಯಾರು ಏನು ಮಾಡಬೇಕು?

ಜುಲೈ ಬಂತೆಂದರೆ ಸಾಕು, ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ಸುತ್ತಮುತ್ತಲಿನ ಕನ್ನಡ ಗೆಳೆಯರಿಂದ ನನಗೆ ಒಂದೇ ಥರದ ಫೋಟೊಗಳು ಬರತೊಡಗುತ್ತವೆ. ಹಿತ್ತಲಲ್ಲಿ ತೂಗುತ್ತಿರುವ ಕೆಂಪು ಫೀಡರ್, ಅಂದರೆ ಹಕ್ಕಿಗೆ ಸಕ್ಕರೆ ನೀರು ಇಡುವ ಪಾತ್ರೆ. ಅದರ ಮೈತುಂಬ ಜೇನುನೊಣ. ದೂರದ ಬೇಲಿಯ ಮೇಲೆ ಮುಖ ಸಪ್ಪಗೆ ಮಾಡಿಕೊಂಡು ಕೂತ ಹಮ್ಮಿಂಗ್‌ಬರ್ಡ್. ಹಕ್ಕಿಯ ಮುಖ ಸಪ್ಪಗಾಯಿತು ಅನ್ನುವುದು ನಮ್ಮ ಕಲ್ಪನೆಯೇ ಇರಬಹುದು, ಆದರೆ ನೋಡಿದರೆ ಹಾಗೇ ಅನ್ನಿಸುತ್ತದೆ. ಫೋಟೊ ಕೆಳಗೆ ಪ್ರಶ್ನೆ: "ಬೇರೆ ಫೀಡರ್ ತಗೊಳ್ಳಲಾ? ಜೇನು ತಡೆಯುವ ಜಾಲರಿ, ಬೀ ಗಾರ್ಡ್ ಹಾಕಲಾ? ಜೇನಿಗೆ ಅಂತಲೇ ಇನ್ನೊಂದು ತಟ್ಟೆ ಇಡಲಾ? ಇಲ್ಲ, ಇದೆಲ್ಲ ಬಿಟ್ಟು ಗಿಡ ನೆಡಲಾ?"

ಒಬ್ಬೊಬ್ಬರಿಗೂ ಒಂದೊಂದು ಉತ್ತರ ಕೊಟ್ಟಿದ್ದೇನೆ. ಎರಡನೇ ಮಹಡಿಯ ಬಾಲ್ಕನಿ ಬೇರೆ, ಅರ್ಧ ಎಕರೆ ಹಿತ್ತಲು ಬೇರೆ, ಅಲ್ವಾ? ಹಾಗಾಗಿ ಎಲ್ಲವನ್ನೂ ಒಂದು ಕಡೆ ಬರೆಯುತ್ತಿದ್ದೇನೆ.

ಕರ್ನಾಟಕದಲ್ಲೇ ಕೂತು ಓದುತ್ತಿರುವವರಿಗೆ ಒಂದು ಮಾತು. ಹಮ್ಮಿಂಗ್‌ಬರ್ಡ್ ಅಮೆರಿಕ ಖಂಡಗಳಲ್ಲಿ ಮಾತ್ರ ಇರುವ ಹಕ್ಕಿ. ನಮ್ಮೂರಲ್ಲಿ ದಾಸವಾಳಕ್ಕೆ ಬಂದು ಮಕರಂದ ಹೀರುವುದು ಸೂರಕ್ಕಿ, ಅದರ ಕುಲವೇ ಬೇರೆ. ಸೂರಕ್ಕಿ ಹೆಚ್ಚಾಗಿ ಕೊಂಬೆ ಹಿಡಿದು ಕೂತು ಕುಡಿಯುತ್ತದೆ, ಹಮ್ಮಿಂಗ್‌ಬರ್ಡ್ ಗಾಳಿಯಲ್ಲೇ ನಿಂತು ಕುಡಿಯುತ್ತದೆ. ಇಲ್ಲಿ ಮಧ್ಯ ಟೆಕ್ಸಾಸ್‌ನಲ್ಲಿ ಬೇಸಿಗೆಗೆ ಬರುವವು ಮುಖ್ಯವಾಗಿ ಎರಡು ಜಾತಿ: ಬ್ಲ್ಯಾಕ್-ಚಿನ್ಡ್ ಮತ್ತು ರೂಬಿ-ಥ್ರೋಟೆಡ್. ಒಂದೊಂದರ ತೂಕ ಸುಮಾರು 3 ಗ್ರಾಂ. ಅಷ್ಟು ಹಗುರದ ಹಕ್ಕಿ ಹತ್ತಾರು ಜೇನುಗಳ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ. ಫೀಡರ್ ಬಿಟ್ಟು ಹೋಗುತ್ತದೆ.

ನನ್ನದೂ ಇದೇ ಕಥೆ. ಮೊದಲ ವರ್ಷ ಕಣ್ಣಿಗೆ ಬಿದ್ದ ಮೊದಲ ಬಾಟಲಿ ಫೀಡರ್ ಹೊತ್ತು ತಂದಿದ್ದೆ. ಕೆಂಪು ತಳ, ಅದಕ್ಕೆ ಹಳದಿ ಪ್ಲಾಸ್ಟಿಕ್ ಹೂವು. ನೋಡಲು ಚೆಂದ. ಬಿಸಿಲಿಗೆ ತೂಗುಹಾಕಿದೆ. ಎರಡೇ ವಾರದಲ್ಲಿ ಫೀಡರ್ ಜೇನಿನ ಪಾಲಾಯಿತು. ಯಾರೋ ಹೇಳಿದರು ಅಂತ ತೂತಿನ ಸುತ್ತ ಕೊಬ್ಬರಿ ಎಣ್ಣೆ ಸವರಲು ಬಟ್ಟಲು ಹಿಡಿದು ಹೊರಟೆ. "ಅದು ಹಕ್ಕಿಯ ರೆಕ್ಕೆಗೆ ಅಂಟಿದರೆ ತೊಳೆಯುವವರು ಯಾರು?" ಅಂದಳು ಹೆಂಡತಿ. ಬಟ್ಟಲು ವಾಪಸ್ ಅಡುಗೆಮನೆಗೆ ಹೋಯಿತು. ಎಣ್ಣೆ, ವ್ಯಾಸಲೀನ್, ಅಡುಗೆಯ ಸ್ಪ್ರೇ, ಯಾವುದೂ ಬೇಡ. ಪುಕ್ಕಕ್ಕೆ ಜಿಡ್ಡು ಅಂಟಿದರೆ ಅದನ್ನು ತೆಗೆದುಕೊಳ್ಳುವುದು ಹಕ್ಕಿಯ ಕೈಲಾಗದು. ಕೀಟನಾಶಕದ ಮಾತಂತೂ ಎತ್ತಲೇಬೇಡಿ, ಹಕ್ಕಿ ಬಾಯಿಡುವ ಜಾಗ ಅದು.

ಆಯ್ಕೆಗೆ ಮುಂಚೆ ನೋಡಬೇಕಾದ್ದು

ಮೊದಲು, ಬಂದಿರುವುದು ಯಾರು ಅಂತ ನೋಡಿ. ಮೈಮೇಲೆ ನವಿರು ಕೂದಲು, ಕಂದು ಬಣ್ಣ, ತನ್ನ ಪಾಡಿಗೆ ಹೀರುತ್ತಿದ್ದರೆ ಅದು ಜೇನುನೊಣ. ನುಣುಪು ಮೈ, ಕಣ್ಣು ಕುಕ್ಕುವ ಹಳದಿ-ಕಪ್ಪು ಪಟ್ಟೆ, ಸಣ್ಣ ಸೊಂಟ ಇದ್ದರೆ ಕಣಜ, ಇಲ್ಲಿಯವರು ಯೆಲ್ಲೋಜಾಕೆಟ್ ಅನ್ನುತ್ತಾರೆ. ಜೇನು ಮುತ್ತುವುದು ಹೂವು ಕಡಿಮೆಯಾಗುವ ನಡುಬೇಸಿಗೆಯಲ್ಲಿ. ಕಣಜದ ಕಾಟ ಜಾಸ್ತಿಯಾಗುವುದು ಬೇಸಿಗೆಯ ಕೊನೆಗೆ, ಗೂಡಿನಲ್ಲಿ ಮರಿಗಳು ಕಡಿಮೆಯಾಗಿ ದೊಡ್ಡವು ಸಿಹಿ ಹುಡುಕಿಕೊಂಡು ಅಲೆಯುವಾಗ. ಜೇನಿಗೆ ಹಾಕುವ ಉಪಾಯ ಕಣಜಕ್ಕೂ ಅರ್ಧ ನಡೆಯುತ್ತದೆ. ಆದರೆ ಕಣಜ ಮುಂಗೋಪಿ. ಒಂದೇ ಕಣಜ ಮತ್ತೆ ಮತ್ತೆ ಕುಟುಕಬಲ್ಲದು.

ಇನ್ನು ಅಳತೆಗೋಲು. ನಾನು ಐದು ವಿಷಯ ನೋಡುತ್ತೇನೆ. ನಿಜವಾಗಿ ಜೇನು ನಿಲ್ಲುತ್ತದಾ? ಹಕ್ಕಿಗೂ ಜೇನಿಗೂ ತೊಂದರೆ ಇಲ್ಲವಾ? ತೊಳೆಯುವುದು ಎಷ್ಟು ಸುಲಭ? ಎಷ್ಟು ಖರ್ಚು? ನಿಮ್ಮ ಜಾಗಕ್ಕೆ, ನಿಮ್ಮ ಮನೆಯವರಿಗೆ ಹೊಂದುತ್ತದಾ? ಈ ಐದರಲ್ಲಿ ಜನ ಗಮನ ಕೊಡದೇ ಇರುವುದು ಮೂರನೆಯದಕ್ಕೆ. ತೊಳೆಯಲು ಕಷ್ಟವಾದ ಫೀಡರನ್ನು ಯಾರೂ ತೊಳೆಯುವುದಿಲ್ಲ. ತೊಳೆಯದ ಫೀಡರಿನಲ್ಲಿ ಸಕ್ಕರೆ ನೀರು ಹುಳಿಯುತ್ತದೆ, ಕಪ್ಪು ಬೂಸ್ಟು ಹಿಡಿಯುತ್ತದೆ. ಆಮೇಲೆ ಜೇನು ಬರದಿದ್ದರೂ ಹಕ್ಕಿಗೆ ಅದರಿಂದ ಪ್ರಯೋಜನ ಇಲ್ಲ.

ಸಕ್ಕರೆ ನೀರಿನ ಲೆಕ್ಕವನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಒಂದು ಕಪ್ ಬಿಳಿ ಸಕ್ಕರೆಗೆ ನಾಲ್ಕು ಕಪ್ ನೀರು, ಅಷ್ಟೇ. ತೂಕದ ಲೆಕ್ಕದಲ್ಲಿ ಸಕ್ಕರೆ ಸುಮಾರು 17-18 ಶೇಕಡಾ ಆಗುತ್ತದೆ. ನಮ್ಮ ರಾಮನವಮಿ ಪಾನಕದ ಹದ. ಪಾನಕ ಅಂದ ಕೂಡಲೇ ಬೆಲ್ಲದ ಡಬ್ಬಿಗೆ ಕೈ ಹೋಗುತ್ತದೆ ಅಂತ ಗೊತ್ತು. ಬೇಡ. ಬೆಲ್ಲ, ಕಂದು ಸಕ್ಕರೆ ಇವುಗಳಲ್ಲಿರುವ ಕಬ್ಬಿಣದ ಅಂಶ ಈ ಹಕ್ಕಿಗೆ ಆಗಿಬರುವುದಿಲ್ಲ. ಜೇನುತುಪ್ಪ ಕೂಡ ಬೇಡ, ನೀರು ಬೆರೆತ ಜೇನುತುಪ್ಪ ಬೇಗ ಹುಳಿಯುತ್ತದೆ, ಬೂಸ್ಟು ಕಟ್ಟುತ್ತದೆ. ಕೆಂಪು ಬಣ್ಣ ಹಾಕುವ ಅಗತ್ಯವೂ ಇಲ್ಲ, ಫೀಡರ್ ಕೆಂಪಗಿದ್ದರೆ ಸಾಕು.

ದುಡ್ಡು ಖರ್ಚಿಲ್ಲದ ದಾರಿ

ಅಂಗಡಿಗೆ ಓಡುವ ಮುಂಚೆ ಇದನ್ನು ಮಾಡಿ ನೋಡಿ. ಕತ್ತಲಾದ ಮೇಲೆ ಜೇನು ಗೂಡಿಗೆ ಮರಳಿರುತ್ತದೆ. ಆಗ ಫೀಡರ್ ಇಳಿಸಿ, ಬಿಸಿನೀರಿನಲ್ಲಿ ಬ್ರಷ್ ಹಾಕಿ ತೊಳೆಯಿರಿ. ಹೊರಮೈಯಲ್ಲಿ ಅಂಟು ಉಳಿಯಬಾರದು. ಕೆಳಗೆ ನೆಲಕ್ಕೆ, ಡೆಕ್ಕಿನ ಹಲಗೆಗೆ ಹನಿ ಬಿದ್ದಿದ್ದರೆ ಅದನ್ನೂ ತೊಳೆಯಿರಿ. ಒಂದೆರಡು ದಿನ ಫೀಡರ್ ಹಾಕಲೇಬೇಡಿ. ಆಮೇಲೆ ಮನೆಯ ಇನ್ನೊಂದು ಮಗ್ಗುಲಿಗೆ, ನೆರಳಿನಲ್ಲಿ ತೂಗುಹಾಕಿ.

ಒಂದೆರಡು ಅಡಿ ಸರಿಸಿದರೆ ಸಾಲದು. ಜೇನು ಜಾಗವನ್ನು ಸುತ್ತಲಿನ ಗುರುತಿನ ಸಮೇತ ನೆನಪಿಟ್ಟುಕೊಳ್ಳುತ್ತದೆ. ಒಂದು ಜೇನಿಗೆ ಗೊತ್ತಾದರೆ ಗೂಡಿಗೆ ಹೋಗಿ ಕುಣಿದು ಉಳಿದವಕ್ಕೂ ಹೇಳುತ್ತದೆ. ಈ ಕುಣಿತದ ಭಾಷೆ ಬಿಡಿಸಿದ ಕಾರ್ಲ್ ವಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಬಂತು. ಹಿತ್ತಲಿಗೆ ಬರುವುದು ಒಂದು ಜೇನಲ್ಲ, ಸುದ್ದಿ ತಿಳಿದ ಇಡೀ ಊರು. ಸುದ್ದಿ ಹಳೆಯದಾಗುವವರೆಗೆ ತಡೆಯಬೇಕು. ಹಕ್ಕಿಯ ಬಗ್ಗೆ ಚಿಂತೆ ಬೇಡ, ಅದು ತನ್ನ ಸೀಮೆಯನ್ನು ದಿನವಿಡೀ ಸುತ್ತುತ್ತಾ ಇರುತ್ತದೆ, ಹೊಸ ಜಾಗ ಬೇಗ ಪತ್ತೆ ಮಾಡುತ್ತದೆ.

ನೀರಿನ ಹದವನ್ನೂ ಸ್ವಲ್ಪ ತೆಳುವು ಮಾಡಬಹುದು, ಒಂದಕ್ಕೆ ಐದು. ಹಕ್ಕಿ ಕುಡಿಯುತ್ತದೆ. ಜೇನಿಗೆ ಗಟ್ಟಿ ಸಿಹಿಯೇ ಇಷ್ಟ, ತೆಳು ನೀರು ಹೊತ್ತುಕೊಂಡು ಹೋಗಿ ಗೂಡಿನಲ್ಲಿ ಆರಿಸುವುದು ಅದಕ್ಕೆ ದಂಡದ ಕೆಲಸ. ಆದರೆ ಹೂವೇ ಇಲ್ಲದ ಆಗಸ್ಟಿನಲ್ಲಿ ಅದು ತೆಳು ನೀರಿಗೂ ಬರುತ್ತದೆ. ಹಾಗೇ ಸೆಪ್ಟೆಂಬರಿನಲ್ಲಿ ತೆಳುವು ಮಾಡಲು ನನಗೆ ಮನಸ್ಸಿಲ್ಲ. ಆಗ ರೂಬಿ-ಥ್ರೋಟೆಡ್ ಹಕ್ಕಿಗಳು ದಕ್ಷಿಣಕ್ಕೆ ಹೊರಟಿರುತ್ತವೆ, ಗಲ್ಫ್ ಆಫ್ ಮೆಕ್ಸಿಕೋ ದಾಟುವ ಮುಂಚೆ ಮೈತೂಕವನ್ನು ಹೆಚ್ಚುಕಡಿಮೆ ಎರಡರಷ್ಟು ಮಾಡಿಕೊಳ್ಳಬೇಕು. ಆಗ ಒಂದಕ್ಕೆ ನಾಲ್ಕೇ ಇರಲಿ.

ಖರ್ಚು ಸೊನ್ನೆ, ಶ್ರಮ ಸ್ವಲ್ಪ. ಆದರೆ ಬಾಟಲಿ ಸೋರುತ್ತಿದ್ದರೆ ಇದರ ಫಲ ಒಂದು ವಾರದ ಮಟ್ಟಿಗೆ ಮಾತ್ರ.

ಬಾಟಲಿಯಾ, ತಟ್ಟೆಯಾ?

ಬಾಟಲಿ ಫೀಡರ್ ಅಂದರೆ ಸಕ್ಕರೆ ನೀರು ತುಂಬಿ ತಲೆಕೆಳಗು ಮಾಡಿ ನಿಲ್ಲಿಸುವಂಥದ್ದು. ಒಳಗಿನ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ನೀರು ಕೆಳಗೆ ಸುರಿಯದೆ ನಿಲ್ಲುತ್ತದೆ. ಟೆಕ್ಸಾಸ್ ಬಿಸಿಲಿಗೆ ಆ ಗಾಳಿ ಕಾದು ಹಿಗ್ಗುತ್ತದೆ, ನೀರನ್ನು ತೂತಿನಿಂದ ಹೊರಗೆ ದೂಡುತ್ತದೆ. ತೊಟ ತೊಟ ಹನಿ. ಬಾಟಲಿ ಅರ್ಧ ಖಾಲಿಯಾದಷ್ಟೂ ಒಳಗೆ ಗಾಳಿ ಜಾಸ್ತಿ, ಹನಿಯೂ ಜಾಸ್ತಿ. ಜೇನನ್ನು ಮೊದಲು ಕರೆತರುವುದು ಈ ಹನಿ.

ತಟ್ಟೆ ಫೀಡರ್ ಅಂದರೆ ಅಗಲ ಬಟ್ಟಲು, ಮೇಲೆ ಕೆಂಪು ಮುಚ್ಚಳ, ಮುಚ್ಚಳದಲ್ಲಿ ತೂತು. ನೀರು ತೂತಿನ ಕೆಳಗಿರುತ್ತದೆ, ಹಾಗಾಗಿ ಹನಿಯುವ ಪ್ರಶ್ನೆಯೇ ಇಲ್ಲ. ಇನ್ನೊಂದು ಲೆಕ್ಕ ನೋಡಿ. ಜೇನುನೊಣದ ನಾಲಿಗೆ 6-7 ಮಿಲಿಮೀಟರ್. ಹಮ್ಮಿಂಗ್‌ಬರ್ಡ್ ಕೊಕ್ಕೇ ಸುಮಾರು 15ರಿಂದ 20 ಮಿಲಿಮೀಟರ್, ಅದರ ನಾಲಿಗೆ ಕೊಕ್ಕಿನಾಚೆಗೂ ಚಾಚುತ್ತದೆ. ನೀರಿನ ಮಟ್ಟ ತೂತಿನಿಂದ ಒಂದು ಸೆಂಟಿಮೀಟರ್ ಕೆಳಗಿದ್ದರೆ ಜೇನು ಮೇಲೆ ಕೂತು ಮೂಸಿ ನೋಡಿ ಹೋಗಬೇಕಷ್ಟೆ. ಕೊಕ್ಕರೆ ಹೂಜಿಯಲ್ಲಿ ಬಡಿಸಿದಾಗ ನರಿಗೆ ಆದ ಗತಿ.

ಇಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ: ಅಂಚಿನವರೆಗೆ ತುಂಬುತ್ತಾರೆ. ಅತಿಥಿಗೆ ಲೋಟ ತುಂಬ ಕೊಡುವ ಅಭ್ಯಾಸ ನಮಗೆ. ತಟ್ಟೆ ಫೀಡರನ್ನು ಅರ್ಧ, ಹೆಚ್ಚೆಂದರೆ ಮುಕ್ಕಾಲು ತುಂಬಿ. ತುಂಬಿದರೆ ನೀರು ತೂತಿನ ಮಟ್ಟಕ್ಕೆ ಬಂದು ಜೇನಿಗೂ ಸಿಗುತ್ತದೆ. ಗಾಳಿಗೆ ಓಲಾಡಿದರೆ ಚೆಲ್ಲುತ್ತದೆ ಕೂಡ, ಆದ್ದರಿಂದ ಗಾಳಿ ಬಡಿಯುವ ಮೂಲೆ ಬೇಡ.

ಬೆಲೆ ಸುಮಾರು 15ರಿಂದ 30 ಡಾಲರ್. ಬಾಟಲಿಯದು 10ರಿಂದ ಶುರು. ಆಸ್ಪೆಕ್ಟ್ಸ್ ಕಂಪನಿಯ ಹಮ್‌ಜಿಂಗರ್ ಈ ತಟ್ಟೆ ಬಗೆಯಲ್ಲಿ ಹೆಸರಾದದ್ದು. ಅದರ ನಡುವೆ ಇರುವೆ ತಡೆಯಲು ನೀರು ತುಂಬುವ ಗುಳಿಯೂ ಇದೆ, ಅದಕ್ಕೆ ಆಂಟ್ ಮೋಟ್ ಅನ್ನುತ್ತಾರೆ. ಊರಲ್ಲಿ ಬೆಲ್ಲದ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸುತ್ತಿದ್ದರಲ್ಲ, ಅದೇ ಉಪಾಯ. ಅದು ಇರುವೆಗೆ ಮಾತ್ರ, ಹಾರುವ ಜೇನಿಗೆ ಅದರಿಂದ ಏನೂ ಆಗುವುದಿಲ್ಲ. "ಆಂಟ್ ಮೋಟ್ ಹಾಕಿದ್ದೇನೆ, ಆದರೂ ಜೇನು ಬರುತ್ತಿದೆ" ಅಂದವರು ನನಗೆ ಮೂವರು ಸಿಕ್ಕಿದ್ದಾರೆ.

ತೊಳೆಯುವುದರಲ್ಲೂ ತಟ್ಟೆಯೇ ಮೇಲು. ಮುಚ್ಚಳ ತೆಗೆದು ಊಟದ ತಟ್ಟೆ ತೊಳೆದ ಹಾಗೆ ತೊಳೆಯಬಹುದು. ಬಾಟಲಿಗೆ ಉದ್ದ ಬ್ರಷ್ ಬೇಕು, ಹೂವಿನ ಸಂದಿಗೆ ಇನ್ನೊಂದು ಸಣ್ಣ ಬ್ರಷ್ ಬೇಕು. ಹಾಗಾದರೆ ಬಾಟಲಿ ಯಾರಿಗೆ? ಹಕ್ಕಿ ತುಂಬಾ ಬರುವ ಮನೆಗೆ, ದೊಡ್ಡ ಅಳತೆ ಬೇಕಾದವರಿಗೆ, ಅದೂ ಪೂರ್ತಿ ನೆರಳಿರುವ ಕಡೆ. ಉಳಿದವರು ದೊಡ್ಡದರ ಆಸೆ ಬಿಡಿ. 40 ಡಿಗ್ರಿ ಸೆಲ್ಸಿಯಸ್ ಸೆಕೆಯಲ್ಲಿ ಸಕ್ಕರೆ ನೀರನ್ನು ದಿನ ಬಿಟ್ಟು ದಿನ, ಕೆಲವೊಮ್ಮೆ ದಿನವೂ ಬದಲಿಸಬೇಕಾಗುತ್ತದೆ. ದೊಡ್ಡ ಬಾಟಲಿ ತುಂಬಿದರೆ ಮುಕ್ಕಾಲು ಪಾಲು ಸಿಂಕಿಗೆ.

ಬಣ್ಣದ ವಿಷಯಕ್ಕೆ ಬಂದರೆ, ಜೇನಿನ ಕಣ್ಣಿಗೆ ಕೆಂಪು ಎದ್ದು ಕಾಣುವುದಿಲ್ಲ, ಹಳದಿ ಚೆನ್ನಾಗಿ ಕಾಣುತ್ತದೆ. ಹಳದಿ ಹೂವಿನ ಫೀಡರ್ ಈಗಾಗಲೇ ಮನೆಯಲ್ಲಿದ್ದರೆ ಆ ಹೂವು ಕಿತ್ತುಹಾಕಿ, ಕಿತ್ತು ಬಾರದಿದ್ದರೆ ವಿಷವಿಲ್ಲದ ಕೆಂಪು ಬಣ್ಣ ಬಳಿದು ಚೆನ್ನಾಗಿ ಒಣಗಿಸಿ. ಕೆಂಪು ಬಣ್ಣ ಜೇನನ್ನು ಓಡಿಸುತ್ತದೆ ಅಂತ ಮಾತ್ರ ತಿಳಿಯಬೇಡಿ. ಕರೆಯುವುದಿಲ್ಲ, ಅಷ್ಟೇ. ವಾಸನೆ ಹಿಡಿದು ಬಂದ ಜೇನಿಗೆ ಬಣ್ಣದ ಹಂಗಿಲ್ಲ.

ಬೀ ಗಾರ್ಡ್

ತೂತಿನ ಮೇಲೆ ಕೂರಿಸುವ ಪುಟ್ಟ ಪ್ಲಾಸ್ಟಿಕ್ ಜಾಲರಿ. ನಾಲ್ಕೈದು ಡಾಲರ್ ಕೊಟ್ಟರೆ ಸಿಗುತ್ತದೆ. ಬಾಟಲಿ ಫೀಡರ್ ಬಿಸಾಡಲು ಮನಸ್ಸಿಲ್ಲದವರಿಗೆ ತೇಪೆಯ ಹಾಗೆ ಇದು ಸರಿ. ಜಾಲರಿಯ ಮೇಲೆ ಹನಿ ನಿಂತರೆ ಜೇನು ಅಲ್ಲಿಯೇ ನೆಕ್ಕುತ್ತದೆ, ಸೋರುವ ಬಾಟಲಿಗೆ ಗಾರ್ಡ್ ಹಾಕಿ ಏನೂ ಬಂದಿಲ್ಲ. ಸಂದಿಯಲ್ಲಿ ಬೂಸ್ಟು ಬೇಗ ಕಟ್ಟುತ್ತದೆ. ಕೆಲವು ಗಾರ್ಡ್‌ಗಳು ಹಳದಿ ಬಣ್ಣದಲ್ಲೇ ಬರುತ್ತವೆ, ಯಾಕೆ ಅಂತ ಮಾಡಿದವರನ್ನೇ ಕೇಳಬೇಕು. ತಟ್ಟೆ ಫೀಡರಿಗೆ ಒಳಗಿನಿಂದ ಕೂರಿಸುವ ಮೆತ್ತಗಿನ ತುದಿಗಳು ಬೇರೆ ಸಿಗುತ್ತವೆ. ಕೊಕ್ಕು ತೂರಿದರೆ ತೆರೆದುಕೊಳ್ಳುತ್ತವೆ, ಕೊಕ್ಕು ತೆಗೆದರೆ ಮುಚ್ಚಿಕೊಳ್ಳುತ್ತವೆ. ಕಣಜ ಜಾಸ್ತಿ ಇರುವವರಿಗೆ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲ, ಏಕೆಂದರೆ ಕಣಜ ದೊಡ್ಡ ತೂತಿನೊಳಗೆ ಇಳಿದು ಬಿದ್ದು ಸತ್ತು ನೀರನ್ನೂ ಕೆಡಿಸುತ್ತದೆ.

ಜೇನಿಗೆ ಬೇರೆ ಎಲೆ ಹಾಕುವುದು

ಎಲ್ಲರಿಗೂ ಇಷ್ಟವಾಗುವ ಉಪಾಯ ಇದು. ಹಕ್ಕಿಗೆ ಪಾನಕ, ಜೇನಿಗೆ ಜಾಮೂನಿನ ಪಾಕ. ಅಂದರೆ ಒಂದಕ್ಕೆ ಒಂದು ಅಥವಾ ಒಂದಕ್ಕೆ ಎರಡರ ಗಟ್ಟಿ ಸಕ್ಕರೆ ನೀರನ್ನು ಅಗಲ ತಟ್ಟೆಯಲ್ಲಿ ಹಾಕಿ, ಜೇನು ಮುಳುಗದಂತೆ ಬೆಣಚುಕಲ್ಲು ಇಟ್ಟು, ಹಕ್ಕಿಯ ಫೀಡರಿನಿಂದ ದೂರ ಇಡುವುದು. ಮೊದಲು ಹಕ್ಕಿಯ ಫೀಡರ್ ಪಕ್ಕದಲ್ಲೇ ಇಟ್ಟು, ಜೇನಿಗೆ ರುಚಿ ಹತ್ತಿದ ಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ಸರಿಸುತ್ತಾ ದೂರ ಒಯ್ಯಬೇಕು. ಗಟ್ಟಿ ಸಿಹಿ ಸಿಕ್ಕಿದ ಜೇನು ತೆಳು ಸಿಹಿಯನ್ನು ಬಿಟ್ಟುಬಿಡುತ್ತದೆ.

ಕೆಲಸ ಮಾಡುತ್ತದಾ? ಮಾಡುತ್ತದೆ. ಆದರೂ ಹೆಚ್ಚಿನವರಿಗೆ ನಾನು ಬೇಡ ಅನ್ನುತ್ತೇನೆ. ನಿತ್ಯ ಅನ್ನಸಂತರ್ಪಣೆ ಶುರುಮಾಡಿದರೆ ಜನ ಕಡಿಮೆಯಾಗುತ್ತಾರಾ? ಮೊದಲ ದಿನ 30 ಜೇನು, ವಾರದಲ್ಲಿ 300. ತಟ್ಟೆ ಖಾಲಿಯಾದ ದಿನ ಅಷ್ಟೂ ಹಕ್ಕಿಯ ಫೀಡರಿಗೆ ನುಗ್ಗುತ್ತವೆ. ಬೇರೆ ಬೇರೆ ಗೂಡಿನ ಜೇನು ಒಂದೇ ತಟ್ಟೆಯಲ್ಲಿ ಉಂಡರೆ ಗೂಡಿನಿಂದ ಗೂಡಿಗೆ ರೋಗ ಹರಡುತ್ತದೆ ಅಂತ ಜೇನು ಸಾಕುವವರು ಇಂಥ ಬಯಲು ಊಟವನ್ನು ಒಪ್ಪುವುದಿಲ್ಲ. ಟೆಕ್ಸಾಸ್‌ನಲ್ಲಿ ಇನ್ನೂ ಒಂದು ಎಚ್ಚರ ಬೇಕು. ಆಫ್ರಿಕನ್ ತಳಿ ಬೆರೆತ ಜೇನು ಅಮೆರಿಕಕ್ಕೆ ಕಾಲಿಟ್ಟದ್ದೇ ಈ ರಾಜ್ಯದಲ್ಲಿ, 1990ರಲ್ಲಿ, ಗಡಿಯ ಹಿಡಾಲ್ಗೋ ಊರಿನ ಹತ್ತಿರ. ಹೂವಿನ ಮೇಲೆ ಕೂತ ಜೇನು ಸಾಧುವೇ, ಯಾವ ತಳಿಯಾದರೂ. ಆದರೆ ಮಕ್ಕಳು ಬರಿಗಾಲಲ್ಲಿ ಓಡಾಡುವ ಅಂಗಳಕ್ಕೆ ನೂರಾರು ಜೇನನ್ನು ಕೈಯಾರೆ ಕರೆಯುವುದು ಬುದ್ಧಿವಂತಿಕೆ ಅಲ್ಲ. ಮನೆಯಲ್ಲಿ ಯಾರಿಗಾದರೂ ಜೇನು ಕಚ್ಚಿದರೆ ಅಲರ್ಜಿ ಆಗುತ್ತದೆ ಅಂದರೆ ಈ ದಾರಿ ಮುಚ್ಚಿದ ಹಾಗೆಯೇ. ಅರ್ಧ ಎಕರೆಗಿಂತ ಜಾಸ್ತಿ ಜಾಗ, ಬೆಳೆದ ಮಕ್ಕಳು, ದಿನವೂ ತಟ್ಟೆ ತೊಳೆಯುವ ತಾಳ್ಮೆ ಇರುವವರು ಬೇಕಾದರೆ ಒಂದೆರಡು ವಾರದ ಮಟ್ಟಿಗೆ ಮಾಡಿನೋಡಲಿ.

ಗಿಡ ನೆಡುವುದು

ನಿಧಾನದ ದಾರಿ, ನನಗೆ ಇಷ್ಟದ ದಾರಿ. ಉದ್ದ ಕೊಳವೆಯ ಕೆಂಪು ಹೂವಿನ ತಳದಲ್ಲಿ ಮಕರಂದ ಇರುತ್ತದೆ, ಅಲ್ಲಿಗೆ ಜೇನಿನ ನಾಲಿಗೆ ಸಲೀಸಾಗಿ ಎಟುಕುವುದಿಲ್ಲ. ತಟ್ಟೆ ಫೀಡರ್ ಮಾಡುವುದು ಇದರ ನಕಲನ್ನೇ.

ಊರಲ್ಲಿ ಅರಳಿಯೂ ಅರಳದ ಹಾಗೆ ಮೊಗ್ಗಾಗಿಯೇ ಉಳಿಯುವ ಕೆಂಪು ದಾಸವಾಳ ನೋಡಿದ್ದೀರಲ್ಲ? ಅದರ ಹತ್ತಿರದ ನೆಂಟ ಟೆಕ್ಸಾಸಿನದೇ ಗಿಡ, ಹೆಸರು ಟರ್ಕ್ಸ್ ಕ್ಯಾಪ್. ಮರದ ನೆರಳಲ್ಲೂ ಬೆಳೆಯುತ್ತದೆ, ಒಮ್ಮೆ ಬೇರೂರಿದರೆ ನೀರು ಕಡಿಮೆ ಸಾಕು. ಹೂವು ಬಿಡುವುದು ಬೇಸಿಗೆಯಿಂದ ಚಳಿಗಾಲದ ಬಾಗಿಲವರೆಗೆ, ಅಂದರೆ ಬೇರೆ ಹೂವಿಗೆ ಬರ ಬಂದಾಗ, ಹಕ್ಕಿ ವಲಸೆ ಹೊರಟಾಗ. ಬಿಸಿಲಿರುವ ಕಡೆಗೆ ರತ್ನಗಂಧಿ. ಹೌದು, ನಮ್ಮ ದೇವರ ಪೂಜೆಯ ರತ್ನಗಂಧಿಯೇ. ಇಲ್ಲಿ ಪ್ರೈಡ್ ಆಫ್ ಬಾರ್ಬಡೋಸ್ ಅನ್ನುತ್ತಾರೆ. ಅದು ಮೂಲತಃ ಅಮೆರಿಕದ ಉಷ್ಣವಲಯದ ಗಿಡ ಅಂದರೆ ನಮ್ಮಮ್ಮ ಇವತ್ತಿಗೂ ನಂಬುವುದಿಲ್ಲ. ಆಸ್ಟಿನ್ ಚಳಿಗೆ ನೆಲಮಟ್ಟ ಒಣಗುತ್ತದೆ, ಬೇಸಿಗೆ ಹತ್ತಿರವಾಗುತ್ತಿದ್ದಂತೆ ಬುಡದಿಂದ ಚಿಗುರುತ್ತದೆ. ಬೇಲಿಗೆ ಬಳ್ಳಿ ಬೇಕಿದ್ದರೆ ಕೋರಲ್ ಹನಿಸಕಲ್ ತನ್ನಿ. ಜಪಾನೀಸ್ ಹನಿಸಕಲ್ ಅಂತ ಸಿಗುತ್ತದೆ, ಅದು ಬೇಡ, ಕಳೆಯ ಹಾಗೆ ಎಲ್ಲವನ್ನೂ ನುಂಗಿಬಿಡುತ್ತದೆ.

ಒಂದು ಗ್ಯಾಲನ್ ಕುಂಡದ ಗಿಡಕ್ಕೆ 10-15 ಡಾಲರ್ ಆಗಬಹುದು. ಮೊದಲ ವರ್ಷ ಹೂವು ಕಡಿಮೆ, ಈ ವಾರದ ಸಮಸ್ಯೆ ಇದರಿಂದ ಬಗೆಹರಿಯುವುದಿಲ್ಲ. ಆದರೆ ತೊಳೆಯುವ ಕೆಲಸವಿಲ್ಲ, ಹುಳಿಯುವ ಭಯವಿಲ್ಲ, ಎರಡು ವಾರ ಊರಿಗೆ ಹೋದರೂ ಹಕ್ಕಿಗೆ ಊಟ ತಪ್ಪುವುದಿಲ್ಲ.

ಯಾರಿಗೆ ಯಾವುದು

ಕೈಯಲ್ಲಿ ಬಾಟಲಿ ಫೀಡರ್ ಇದೆ, ಖರ್ಚು ಬೇಡ ಅನ್ನುವವರು ತೊಳೆದು, ಎರಡು ದಿನ ಬಿಟ್ಟು, ನೆರಳಿಗೆ ಬದಲಿಸಿ. 20 ಡಾಲರ್ ತೆಗೆಯಬಲ್ಲವರು ಸಣ್ಣ ತಟ್ಟೆ ಫೀಡರ್ ಒಂದನ್ನು ತಂದು ಅರ್ಧ ತುಂಬಿ. ನೂರರಲ್ಲಿ ತೊಂಬತ್ತು ಜನರಿಗೆ ನಾನು ಹೇಳುವುದು ಇದನ್ನೇ. ಕಣಜದ ಕಾಟ ಇದ್ದರೆ ಅದಕ್ಕೆ ಮೆತ್ತಗಿನ ತುದಿ ಸೇರಿಸಿ. ದೊಡ್ಡ ಹಿತ್ತಲಿದ್ದು ಒಂದು ಗಂಡುಹಕ್ಕಿ ಫೀಡರ್ ತನ್ನದೇ ಅಂತ ಉಳಿದವನ್ನು ಅಟ್ಟುತ್ತಿದ್ದರೆ, ಒಂದಕ್ಕೊಂದು ಕಾಣದ ಹಾಗೆ ಎರಡು ಸಣ್ಣ ತಟ್ಟೆ ಫೀಡರ್ ಹಾಕಿ. ಜೇನು ಒಂದನ್ನು ಹಿಡಿದರೂ ಇನ್ನೊಂದು ಹಕ್ಕಿಗೆ ಉಳಿಯುತ್ತದೆ.

ಬಾಲ್ಕನಿಯವರದ್ದು ಬೇರೆ ಕಷ್ಟ. ಸರಿಸಲು ಜಾಗವಿಲ್ಲ, ಕೆಳಗಿನ ಮನೆಯವರ ಮೇಲೆ ಹನಿ ಬೀಳುವಂತಿಲ್ಲ, ಫೀಡರ್ ಹಾಕಲು ಕೆಲವು ಕಡೆ ಅನುಮತಿಯೂ ಬೇಕು. ಅವರಿಗೆ ಕಿಟಕಿಗೆ ಅಂಟಿಸುವ ಪುಟ್ಟ ತಟ್ಟೆ ಫೀಡರ್ ಒಂದು, ಕುಂಡದಲ್ಲಿ ಟರ್ಕ್ಸ್ ಕ್ಯಾಪ್ ಒಂದು ಸಾಕು. ಜೇನು ಜಾಸ್ತಿಯಾದ ವಾರ ಫೀಡರ್ ಒಳಗೆ ಇಡಿ, ಗಿಡ ಹೊರಗೆ ಇರಲಿ. ಗಿಡ ಕೊಳ್ಳುವಾಗ ನರ್ಸರಿಯವರನ್ನು ಒಂದು ಮಾತು ಕೇಳಿ: ಇದಕ್ಕೆ ನಿಯೋನಿಕೋಟಿನಾಯ್ಡ್ ಕೀಟನಾಶಕ ಹಾಕಿದ್ದೀರಾ? ಅದು ಬೇರಿನಿಂದ ಏರಿ ಮಕರಂದಕ್ಕೂ ಸೇರುತ್ತದೆ. ಹೌದು ಅಂದರೆ ಆ ಕುಂಡ ಅಲ್ಲೇ ಬಿಟ್ಟು ಪಕ್ಕದ ನರ್ಸರಿಗೆ ಹೋಗಿ.